ಕುಂದಿಲ್ಲದ ಹುಡುಗಿ

ನಮ್ಮ ಅವ್ವನಿಗೆ ಓಣಿಯಲ್ಲಿ ಒಂದು ಹೆಸರಿದೆ. ಯಾರ ಮನೆಗಾದರೂ ಹೆಣ್ಣು ನೋಡಲು ಬರುವ ಮೊದಲು ಗಂಡಿನ ಕಡೆಯವರು ಅಕ್ಕಪಕ್ಕದಲ್ಲಿ ವಿಚಾರಿಸುತ್ತಾರಲ್ಲ, ಆಗ ಹುಡುಗಿಯ ತಾಯಿ ಹೇಗಾದರೂ ಮಾಡಿ ಅವರನ್ನು ನಮ್ಮ ಮನೆಯ ಕಡೆಗೆ ತಿರುಗಿಸುತ್ತಾಳೆ. ಅವ್ವ ಬಂದವರನ್ನು ಕೂರಿಸಿ, ಚಾ ಕೊಟ್ಟು, ಹುಡುಗಿಯ ಬಗ್ಗೆ ಒಂದೇ ಒಂದು ಕುಂದು ಹೊರಗೆ ಬಾರದಂತೆ ಮಾತಾಡುತ್ತಾಳೆ. ಹುಡುಗಿಗೆ ಫಿಟ್ಸ್ ಬರುತ್ತಿರಲಿ, ಅಪ್ಪ ಕುಡಿದು ಚರಂಡಿಯಲ್ಲಿ ಬೀಳುತ್ತಿರಲಿ, ಅವ್ವನ ಬಾಯಲ್ಲಿ ಆ ಮನೆ ಬಂಗಾರ. ಯಾಕೆ ಇಷ್ಟು ಸುಳ್ಳು ಹೇಳುತ್ತೀ ಎಂದು ನಾನು ಜಗಳ ತೆಗೆದರೆ, "ಹೆಣ್ಮಗಳ ಬಾಳೇ ಐತಿ ಅದು, ನನ್ನ ಬಾಯಿಂದ ಕೆಡಬಾರದು," ಎನ್ನುತ್ತಾಳೆ. ಹಗರಿಬೊಮ್ಮನಹಳ್ಳಿಯ ನಮ್ಮ ಓಣಿಯ ಅರ್ಧ ಮದುವೆಗಳು ಹೀಗೆ ಆಗಿವೆ. ಅವುಗಳಲ್ಲಿ ಕೆಲವು ಚೆನ್ನಾಗಿಯೂ ಇವೆ.

ಶಕೀಬಾಳ ವಿಷಯದಲ್ಲೂ ಅವ್ವ ಇದನ್ನೇ ಮಾಡಿದಳು. ನಾನು ಇದನ್ನು ಹೇಳುತ್ತಿರುವುದು ಸಿಟ್ಟಿನಿಂದ. ಸಿಟ್ಟು ಯಾರ ಮೇಲೆ ಎನ್ನುವುದು ಮಾತ್ರ ದಿನಕ್ಕೊಂದು ಥರ ಇರುತ್ತದೆ.

ನನ್ನ ಹೆಸರು ಕ್ರಾಂತಿ. ಮಗಳಿಗೆ ಈ ಹೆಸರು ಇಟ್ಟವನು ಅಪ್ಪ, ಹುಲುಗಪ್ಪ ಕಂಡಕ್ಟರ್. ಅಪ್ಪ ಬುದ್ಧನ ದಾರಿಗೆ ಬಂದ ಮೇಲೆ ನಮ್ಮ ಪಡಸಾಲೆಗೆ ಬಾಬಾಸಾಹೇಬರ ಫೋಟೋ ಬಂತು, ಕೆಳಗೆ ಬುದ್ಧನ ಬಿಳಿ ಮೂರ್ತಿ ಬಂತು. ಅವ್ವ ಉಚ್ಚಂಗೆಮ್ಮ ಎರಡಕ್ಕೂ ಕೈಮುಗಿದು, ತನ್ನ ಹೆಸರಿನ ದೇವಿಯನ್ನು ಸದ್ದಿಲ್ಲದೆ ಅಡುಗೆಮನೆಗೆ ಸಾಗಿಸಿದಳು. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವ್ವ ಬಾಲಕಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ, ನಾನು ಕೊಟ್ಟೂರಿನಲ್ಲಿ ಕಾಲೇಜು ಹುಡುಗರಿಗೆ ಗಣಿತ ಹೇಳಿಕೊಡುತ್ತೇನೆ.

ಶಕೀಬಾ ಬಳ್ಳಾರಿಯಲ್ಲಿ ನನ್ನ ಜೊತೆ ಎಂಎಸ್‌ಸಿ ಓದಿದವಳು. ಅಫ್ಘಾನಿಸ್ತಾನದ ಬಾಮಿಯಾನ್ ಎಂಬ ಊರಿನಿಂದ ಸ್ಕಾಲರ್‌ಶಿಪ್ ಮೇಲೆ ಬಂದಿದ್ದಳು. ಅವಳ ತಾಯಿ ಮೊದಲೇ ಇರಲಿಲ್ಲ. ಅಪ್ಪ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದ. ಅಲ್ಲಿ ತಾಲಿಬಾನಿಗಳ ಆಡಳಿತ ಬಂದ ಮೇಲೆ ಒಂದು ದಿನ ಅವನನ್ನು ಮಾತಾಡುವುದಿದೆ ಎಂದು ಕರೆದೊಯ್ದವರು ವಾಪಸು ಕಳಿಸಲಿಲ್ಲ. ಓದು ಮುಗಿಯಿತು, ಹಾಸ್ಟೆಲ್ ರೂಮು ಬಿಡು ಎಂದರು, ವೀಸಾ ಮುಗಿಯಿತು. ಒಂದು ವಾರ ಇದ್ದು ಹೋಗು ಎಂದು ನಾನು ಮನೆಗೆ ಕರೆತಂದೆ. ಬಂದ ದಿನ ಪಡಸಾಲೆಯ ಬುದ್ಧನನ್ನು ನೋಡಿ ನಿಂತುಬಿಟ್ಟಳು. ನಮ್ಮೂರ ಗುಡ್ಡದಲ್ಲಿ ಇವನು ತುಂಬ ಎತ್ತರ ಇದ್ದನಂತೆ, ಅವನನ್ನು ಸಿಡಿಸಿ ಕೆಡವಿದರಂತೆ, ನಾನು ಕಂಡಿದ್ದು ಅವನು ನಿಂತಿದ್ದ ಗೂಡನ್ನು ಮಾತ್ರ ಎಂದಳು. ಅವ್ವನಿಗೆ ಇಂಗ್ಲಿಷ್ ಬಾರದು, ಆದರೂ ಆ ಮುಖ ಅರ್ಥವಾಯಿತು. "ಇಲ್ಲೇ ಇರ್ಲಿ ಬಿಡು," ಎಂದಳು. ಒಂದು ವಾರ ಎರಡು ವರ್ಷವಾಯಿತು.

ಅಷ್ಟರಲ್ಲಿ ಅವಳು ಅವ್ವನ ಕನ್ನಡವನ್ನೇ ಕಲಿತಳು. ರೊಟ್ಟಿ ಬಡಿಯುವುದು ಕಲಿತಳು, ಹಾಸ್ಟೆಲ್ ಹುಡುಗಿಯರಿಗೆ ಲೆಕ್ಕ ಹೇಳಿಕೊಟ್ಟಳು, ಅವ್ವನನ್ನು ಅವ್ವ ಎಂದೇ ಕರೆದಳು. ಆದರೆ ಹೊರಗೆ ಒಬ್ಬಳೇ ಹೋಗುತ್ತಿರಲಿಲ್ಲ. ದೆಹಲಿಯ ನಿರಾಶ್ರಿತರ ಕಚೇರಿ ಕೊಟ್ಟ ಕಾರ್ಡೊಂದು ಬಿಟ್ಟರೆ ಅವಳ ಬಳಿ ಏನೂ ಇರಲಿಲ್ಲ, ಆ ಕಾರ್ಡು ನಮ್ಮ ಕಡೆಯ ಯಾವ ಸಾಹೇಬನಿಗೂ ಗೊತ್ತಿಲ್ಲ. ವಾಪಸು ಹೋಗು ಎಂದರೆ, ಹಿಂದೆ ಮುಂದೆ ಯಾರೂ ಇಲ್ಲದ ಹೆಣ್ಣು ಒಬ್ಬಳೇ ಬೀದಿಗೆ ಇಳಿಯುವಂತಿಲ್ಲದ, ಅಪ್ಪನನ್ನು ಕರೆದೊಯ್ದವರೇ ಆಳುವ ಊರಿಗೆ ಹೋಗಬೇಕು.

ಆಗ ದಾರಿ ಎಂದು ಕಂಡಿದ್ದು ಯುರೋಪಿನ ಒಂದು ದೇಶ. ಯಾವ ದೇಶ ಎಂದು ಹೇಳುವುದಿಲ್ಲ, ಕೇಸು ಇನ್ನೂ ನಡೆಯುತ್ತಿದೆ. ಮಾನವೀಯ ನೆಲೆಯಲ್ಲಿ ಇಂಥ ಕೆಲವರನ್ನು ಆರಿಸಿ ಕರೆಸಿಕೊಂಡು, ಮನೆ ಕೊಟ್ಟು, ಓದಿಸಿ ನೆಲೆ ನಿಲ್ಲಿಸುವ ಯೋಜನೆ ಅವರದು. ಕೇಳಲು ಎಷ್ಟು ಚೆಂದ. ಒಳಗೆ ಹೋಗಿ ನೋಡಿದರೆ ಅದೂ ಒಂದು ಪರೀಕ್ಷೆಯೇ. ಕೂತವರು ಸಾವಿರ, ಸೀಟು ಕೆಲವು, ಮತ್ತು ಅಂಕ ಸಿಗುವುದು ಸಂಕಟಕ್ಕೆ. ಈಗ ಇರುವ ಕಡೆ ಈ ಹುಡುಗಿ ಸುರಕ್ಷಿತವಾಗಿದ್ದಾಳೆಯೇ ಎಂಬುದು ಅವರ ಮೊದಲ ಪ್ರಶ್ನೆ. ಹೌದು ಎಂದರೆ ಸೀಟು ಇನ್ನೊಬ್ಬಳಿಗೆ. ಅದು ಅನ್ಯಾಯ ಎಂದು ನಾನು ಹೇಳಲಾರೆ, ಇನ್ನೊಬ್ಬಳಿಗೆ ಇವಳಿಗಿಂತ ಹೆಚ್ಚು ಕಷ್ಟ ಇರಬಹುದು. ಆದರೆ ನನಗೆ ಆ ಇನ್ನೊಬ್ಬಳು ಗೊತ್ತಿಲ್ಲ, ಇವಳು ಗೊತ್ತು.

ಶಕೀಬಾ ನಮ್ಮ ಮನೆಯಲ್ಲಿ ಸುರಕ್ಷಿತವಾಗಿ ಇರಲಿಲ್ಲ. ಇದನ್ನು ಬರೆಯಲು ಕೈ ಏಳುವುದಿಲ್ಲ, ಆದರೂ ಬರೆಯುತ್ತೇನೆ. ಅವ್ವನ ತಮ್ಮ ಗುರುಮೂರ್ತಿ, ನನ್ನ ಸೋದರಮಾವ, ಹಲವಾಗಲಿನವನು. ಹರಪನಹಳ್ಳಿಯಲ್ಲಿ ನೌಕರಿ, ಒಳ್ಳೆಯ ಸಂಬಳ, ಇಸ್ತ್ರಿ ಮಾಡಿದ ಅಂಗಿ, ಮಾತು ಸಕ್ಕರೆ. ಹೊಳೆದಂಡೆಯ ತರಕಾರಿ ತಂದು ಕೊಡುವ ನೆಪದಲ್ಲಿ ಬರುತ್ತಿದ್ದ. ಒಮ್ಮೆ ನಾವಿಬ್ಬರೂ ಇಲ್ಲದಾಗ ಬಂದು, ಮಾಳಿಗೆಯ ಮೇಲೆ ಬಟ್ಟೆ ಒಣಗಿಸುತ್ತಿದ್ದವಳನ್ನು ಹಿಡಿದುಕೊಂಡ. ಅವಳು ಕೊಸರಿಕೊಂಡು ಕೆಳಗೆ ಓಡಿದಾಗ ಹಿಂದೆಯೇ ಇಳಿದು ಬಂದು, ವೀಸಾ ಇಲ್ಲದವಳು ಇಲ್ಲಿದ್ದಾಳೆ ಎಂದು ಠಾಣೆಗೆ ಒಂದು ಫೋನ್ ಮಾಡಿದರೆ ಸಾಕು, ಯೋಚನೆ ಮಾಡು ಎಂದನಂತೆ.

ಅವ್ವ ಅವನಿಗೆ ಬೈದಳು. ಅವನು ತಮಾಷೆಗೆ ಅಕ್ಕ ಎಂದು ನಕ್ಕ. ಒಂದು ತಿಂಗಳು ಬರಲಿಲ್ಲ, ಆಮೇಲೆ ಮತ್ತೆ ಬದನೆಕಾಯಿ ಹಿಡಿದುಕೊಂಡು ಬಂದ. ಪೊಲೀಸರಿಗೆ ಹೇಳೋಣ ಎಂದು ನಾನು ಕುಣಿದಾಡಿದೆ. ಅಲ್ಲಿಗೆ ಹೋದರೆ ಮೊದಲು ಕೂರಿಸುವುದು ನನ್ನನ್ನೇ ಎಂದು ಶಕೀಬಾ ಬೇಡಿಕೊಂಡಳು. ಅದೂ ನಿಜವೇ ಆಗಿತ್ತು. ಅಂದಿನಿಂದ ಅವನ ಬೈಕಿನ ಸದ್ದು ಕೇಳಿದರೆ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಒಳಗೆ ಓಡುತ್ತಿದ್ದಳು. ಅವನು ಉಂಡು ಹೋಗುವ ತನಕ ಅಡುಗೆಮನೆಯ ಮೂಲೆಯಲ್ಲಿ ದೇವಿಯ ಕೆಳಗೆ ಕೂತಿರುತ್ತಿದ್ದಳು.

ಆ ಯೋಜನೆಗೆ ಹಾಕಿದ್ದ ಅರ್ಜಿ ಮುಂದುವರಿದು, ಅವರ ಇಲ್ಲಿಯ ಸಂಸ್ಥೆಯಿಂದ ಮನೆ ನೋಡಿ ವಿಚಾರಿಸಲು ಒಬ್ಬರು ಬರುತ್ತಾರೆ ಎಂದು ತಿಳಿಸಿದರು. ಅವ್ವನಿಗೆ ನಾನು ಹೇಳಿದ್ದು ಇಷ್ಟೇ: "ಶಕೀಬಾನ ಬಗ್ಗೆ ಕೇಳಾಕ ಒಬ್ಬಾಕಿ ಬರ್ತಾಳ. ಸರಿಯಾಗಿ ಹೇಳ್ಬೇಕು." ಉಳಿದಿದ್ದನ್ನು ಬರುವ ಹಿಂದಿನ ದಿನ ಕೂರಿಸಿಕೊಂಡು ಬಿಡಿಸಿ ಹೇಳೋಣ ಎಂದುಕೊಂಡಿದ್ದೆ. ಬರಬೇಕಾದವರು ಆ ಹಿಂದಿನ ದಿನವೇ ಬಂದರು. ನಾನು ಕೊಟ್ಟೂರಿನಲ್ಲಿ ಪರೀಕ್ಷೆ ಡ್ಯೂಟಿಯಲ್ಲಿದ್ದೆ, ಫೋನು ಆಫ್ ಆಗಿತ್ತು.

ಸಂಜೆ ಮನೆಗೆ ಬಂದರೆ ಅವ್ವ ಗೆದ್ದವಳ ಹಾಗೆ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಮಿರ್ಚಿಯ ವಾಸನೆ. ಶಕೀಬಾ ಅವ್ವನ ಹಸಿರು ರೇಷ್ಮೆ ಸೀರೆಯಲ್ಲಿ, ಕೈತುಂಬ ಬಳೆ ಹಾಕಿಕೊಂಡು ಕೂತಿದ್ದಳು. ನನ್ನನ್ನು ನೋಡಲಿಲ್ಲ.

"ಬಂದಿದ್ಲು, ಬೆಂಗಳೂರಾಕಿ, ಪ್ರಿಯಾ ಅಂತ," ಎಂದಳು ಅವ್ವ. "ಭಾಳ ಚಲೋ ಹುಡುಗಿ. ಕನ್ನಡದಾಗ ಮಾತಾಡಿದ್ಲು. ಮಂಡಕ್ಕಿ, ಮಿರ್ಚಿ ಎಲ್ಲಾ ತಿಂದ್ಲು."

"ಏನು ಕೇಳಿದ್ಲು?"

"ಎಲ್ಲಾ ಕೇಳಿದ್ಲು. ನಿದ್ದಿ ಮಾಡ್ತಾಳೇನು, ಉಣ್ತಾಳೇನು, ಅಂಜಿಕಿ ಐತೇನು, ಯಾರರ ಕಾಡ್ತಾರೇನು. ನಾ ಒಂದೂ ಕುಂದು ಹೇಳ್ಲಿಲ್ಲ ನೋಡು. ಗಡದ್ದಾಗಿ ನಿದ್ದಿ ಮಾಡ್ತಾಳ, ಒಂದಿನ ಗುಳಿಗಿ ನುಂಗಿದ್ದು ನಾ ಕಂಡಿಲ್ಲ, ಕಣ್ಣೀರು ಅನ್ನೋದು ಗೊತ್ತಿಲ್ಲ, ಓಣಿ ಮಂದಿ ಎಲ್ಲಾ ಅಂಗೈಯಾಗ ಇಟ್ಕೊಂಡಾರ ಅಂದೆ. ಬಾಜೂ ಮನಿ ಕೊಟ್ರಬಸಮ್ಮಗೂ ಮೊದಲೇ ಹೇಳಿಟ್ಟಿದ್ದೆ. ಆಕಿನೂ ಹಂಗ ಹೇಳಿದ್ಲು."

ನಾನು ಚೀಲ ಕೆಳಗಿಟ್ಟು ಅಲ್ಲೇ ಕೂತುಬಿಟ್ಟೆ. ವಾರಕ್ಕೆ ಎರಡು ದಿನ ಕಿರುಚಿಕೊಂಡು ಏಳುವವಳು, ಮಾತ್ರೆ ಇಲ್ಲದೆ ಕಣ್ಣು ಮುಚ್ಚದವಳು ಇವಳು. ಮಾತ್ರೆ ತರಲು ಹೊಸಪೇಟೆಗೆ ಹೋಗುತ್ತಿದ್ದವಳು ಸ್ವತಃ ಅವ್ವ.

"ನೀನು ಯಾಕ ಸುಮ್ನಿದ್ದಿ?" ಎಂದು ಶಕೀಬಾಳನ್ನು ಕೇಳಿದೆ.

"ಅವ್ವ ಮಾತಾಡಾಕತ್ತಿದ್ಲು," ಎಂದಳು. "ಅವ್ವನ ಮನ್ಯಾಗ ಕುಂತು, ಅವ್ವನ ಸೀರಿ ಉಟ್ಕೊಂಡು, ಅವ್ವ ಸುಳ್ಳು ಹೇಳ್ತಾಳ ಅಂತ ಹೆಂಗ ಅನ್ಲಿ?"

ಆಮೇಲೆ ನಾನು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಬಂದವಳು ಹೆಣ್ಣು ಕೇಳಲು ಬಂದವಳಲ್ಲ, ಅವರಿಗೆ ಬೇಕಾದವಳು ಸುಖವಾಗಿರುವ ಹುಡುಗಿಯಲ್ಲ, ನೀನು ಹೊಗಳಿದ ಒಂದೊಂದು ಮಾತಿಗೂ ಅವಳ ಒಂದೊಂದು ಅಂಕ ಹೋಯಿತು ಎಂದೆ. ಧ್ವನಿ ಏರಿಸಿಯೇ ಹೇಳಿದೆ. ಅವ್ವ ಮೊದಲು ನಂಬಲಿಲ್ಲ.

"ಅದೆಂಥ ದೇಶಾಲೇ," ಎಂದಳು. "ನರಳೋ ಹುಡುಗೀನ ಆರಿಸ್ಕೊಂಡು ಮನಿ ತುಂಬಿಸ್ಕೋತಾರ?"

ನಂತರ ಮಾತು ಒಳಗಿಳಿಯಿತು. ಒಲೆಯ ಮುಂದೆ ಹೋಗಿ ಕೂತಳು. ಅವ್ವ ಅಳುವುದನ್ನು ನಾನು ಅಪ್ಪ ಸತ್ತಾಗ ನೋಡಿದ್ದೆ, ಅಂದು ಮತ್ತೆ ನೋಡಿದೆ. ನನ್ನ ಸಿಟ್ಟು ಅವಳ ಮೇಲೆ ನಿಲ್ಲಲಿಲ್ಲ, ಎಲ್ಲಿ ಇಡಬೇಕೆಂದೂ ತಿಳಿಯಲಿಲ್ಲ.

ಮರುದಿನ ಪ್ರಿಯಾಗೆ ಫೋನ್ ಮಾಡಿದೆ. ಅವಳು ಒಳ್ಳೆಯವಳೇ. ವರದಿ ಕಳಿಸಿಯಾಗಿದೆ ಎಂದಳು. ಹುಡುಗಿ ಸ್ಥಳೀಯ ಕುಟುಂಬದಲ್ಲಿ ಸುರಕ್ಷಿತವಾಗಿ, ಆರೋಗ್ಯವಾಗಿ, ಪ್ರೀತಿಯಲ್ಲಿ ಇದ್ದಾಳೆ ಎಂದು ಬರೆದಿದ್ದಳು. ಅವಳು ಕೇಳಿದ್ದನ್ನೇ ಬರೆದಿದ್ದಳು, ತಪ್ಪೇನು. ನಾನು ನಿಜ ಹೇಳಿದೆ. ಅವಳು, "ನೀವು ಆಗ ಮನೆಯಲ್ಲಿ ಇರಲಿಲ್ಲ. ನಿಮ್ಮ ತಾಯಿ ಇದ್ದರು, ಮಾತಾಡಿದವರೂ ಅವರೇ. ಅವರೇ ಇನ್ನೊಮ್ಮೆ ನನಗೆ ಹೇಳಬೇಕು. ಏನಾಯಿತು, ಯಾರು ಮಾಡಿದರು, ಈಗಲೂ ಅಪಾಯ ಇದೆಯೇ. ಯಾರು ಅನ್ನುವುದು ಇಲ್ಲದಿದ್ದರೆ ಅದನ್ನು ಸೇರಿಸೋಕೆ ಬರೋದಿಲ್ಲ," ಎಂದಳು. ಭಾನುವಾರ ಫೋನ್ ಮಾಡುತ್ತೇನೆ ಎಂದಳು.

ಆ ವಾರ ನಮ್ಮ ಮನೆಯಲ್ಲಿ ಮೂವರೂ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಓಡಾಡಿದೆವು. ಅವ್ವನ ಕಷ್ಟ ನನಗೆ ತಿಳಿಯದ್ದಲ್ಲ. ಗುರುಮೂರ್ತಿ ಹುಟ್ಟಿದಾಗಲೇ ಅವರ ತಾಯಿ ಸತ್ತಳು. ಅವ್ವ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಶೇಂಗಾ ಹೊಲಕ್ಕೆ ಕೂಲಿಗೆ ಹೋದವಳು. ತನ್ನ ಮದುವೆಯನ್ನು ಅವನಿಗೋಸ್ಕರ ಮುಂದಕ್ಕೆ ಹಾಕಿಸಿಕೊಂಡವಳು. ಹಲವಾಗಲಿನಲ್ಲಿ ಈಗ ಉಳಿದಿರುವುದು ಅವನೊಬ್ಬ. ಪಂಚಮಿಗೆ ಕರೆಯುವವನು ಅವನು, ಸೀರೆ ಉಡಿಸುವವನು ಅವನು.

"ನನಗ ತವರು ಅಂತ ಇರೋದು ಅವನೊಬ್ಬನ," ಎಂದಳು ಒಮ್ಮೆ, ಅಕ್ಕಿ ಆರಿಸುತ್ತಾ, ನಾನೇನೂ ಕೇಳದಿದ್ದರೂ. "ಅವನ ಹೆಸರು ಹೇಳಿದ್ರ ನೌಕರಿ ಹೋಗ್ತೈತೇನು?"

"ಗೊತ್ತಿಲ್ಲ," ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಹೋಗಲಿ ಎಂದು ಹೇಳಬೇಕೆನಿಸಿತ್ತು.

ಶಕೀಬಾ ಅದನ್ನು ಕೇಳಿಸಿಕೊಂಡಿದ್ದಳು. ಆಮೇಲೆ ನನ್ನ ಹತ್ತಿರ ಬಂದು, "ಅವ್ವಗ ಬ್ಯಾಡ ಅನ್ನು ಕ್ರಾಂತಿ," ಎಂದಳು. "ನನ್ನ ಊರು ಹೆಂಗೂ ಹೋಗೇತಿ. ನನ್ನಿಂದ ಆಕಿ ಊರೂ ಹೋಗೋದು ಬ್ಯಾಡ."

"ವಾಪಸ್ ಕಳಿಸಿದ್ರ ಏನ್ ಮಾಡ್ತಿ?"

ಶಕೀಬಾ ಒಣಗಿದ ಬಟ್ಟೆ ಮಡಚಲು ಶುರು ಮಾಡಿದಳು, ಅವ್ವನ ಸೀರೆಯನ್ನು ಎರಡು ಸಲ ಬಿಚ್ಚಿ ಮಡಚಿದಳು.

ಭಾನುವಾರ ಮಧ್ಯಾಹ್ನ ಪ್ರಿಯಾಳ ಫೋನ್ ಬಂತು. ಪಡಸಾಲೆಯಲ್ಲಿ ಚಾಪೆ ಹಾಸಿ ಕೂತು, ನಡುವೆ ಮೊಬೈಲ್ ಇಟ್ಟು ಸ್ಪೀಕರ್ ಹಾಕಿದೆ. ಅವ್ವ ಸೆರಗು ಹೊದ್ದು ಕೂತಳು. ನಿದ್ದೆಯ ಮಾತು, ಮಾತ್ರೆಯ ಮಾತು, ಕಿರುಚುವ ಮಾತು ಎಲ್ಲವನ್ನೂ ಹೇಳಿದಳು. ಮೊದಲು ಯಾಕೆ ಮುಚ್ಚಿಟ್ಟಿರಿ ಎಂದು ಪ್ರಿಯಾ ಕೇಳಿದಾಗ, "ಹೆಣ್ಮಗಳ ಕುಂದು ಹೊರಗಿನವರ ಮುಂದ ಹೇಳಬಾರದು ಅಂತ ಮಾಡಿದ್ನಿರಿ," ಎಂದಳು. ಪ್ರಿಯಾ ಅರ್ಥವಾಯಿತು ಎಂದಳು. ಅವಳೂ ನಮ್ಮವಳೇ ತಾನೇ, ಅವಳ ಮನೆಯಲ್ಲೂ ಇದೇ ನಡೆದಿರಬೇಕು.

"ಅವಳನ್ನು ಯಾರಾದರೂ ಕಾಡಿದ್ದಾರಾ ಅಮ್ಮ?"

ಅವ್ವ ನನ್ನ ಮುಖ ನೋಡಿದಳು. "ಹ್ಞೂಂರಿ. ಒಬ್ಬಾತ ಮಾಳಗಿ ಮ್ಯಾಲ ಕೈ ಹಿಡಿದ."

"ಯಾರು?"

"ಯಾರೋ ಹೊರಗಿನಾತರಿ. ಹೆಸರು ಗೊತ್ತಿಲ್ರಿ."

ನಾನು ಬಾಯಿ ತೆರೆದೆ, ಅವ್ವ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿದಳು. ಹೊರಗಿನವನಾದರೆ ಮನೆಯ ಮಾಳಿಗೆಗೆ ಹೇಗೆ ಬಂದ, ದೂರು ಯಾಕೆ ಕೊಡಲಿಲ್ಲ, ಮತ್ತೆ ಬಂದನೇ ಎಂದು ಪ್ರಿಯಾ ಒಂದೊಂದಾಗಿ ಕೇಳಿದಳು. ಅವ್ವನಿಗೆ ಹೆಣ್ಣಿನ ಕುಂದು ಮುಚ್ಚುವಾಗ ಅಷ್ಟು ಸಲೀಸಾಗಿ ಬರುತ್ತಿದ್ದ ಮಾತು ಗಂಡಿನ ತಪ್ಪು ಮುಚ್ಚಲು ಬರಲಿಲ್ಲ. ಕೊನೆಗೆ ಪ್ರಿಯಾ, "ಶಕೀಬಾ, ನೀವು ಹೇಳಿ. ಇದು ಮನೆಯವರಲ್ಲಿ ಯಾರಾದರೂ ಮಾಡಿದ್ದಾ? ಹೇಳಿದರೆ ನಿಮಗೆ ಸಹಾಯ ಆಗುತ್ತದೆ," ಎಂದಳು.

ಶಕೀಬಾ ಮೊಬೈಲಿನ ಕಡೆ ಬಾಗಿದಳು. ಇಂಗ್ಲಿಷಿನಲ್ಲಿ ಹೇಳಬಹುದಿತ್ತು. ಅವಳು ಅವ್ವನ ಕನ್ನಡದಲ್ಲಿ, ಅವ್ವನ ರಾಗದಲ್ಲೇ ಹೇಳಿದಳು.

"ಇಲ್ರಿ ಮೇಡಂ. ನಮ್ಮನ್ಯಾಗ ಅಂಥೋರು ಯಾರೂ ಇಲ್ಲ. ಅವ್ವ ಎಲ್ಲಾರ್ನೂ ಚೆಂದ ಬೆಳೆಸ್ಯಾಳ."

ಅವ್ವನ ಕೈ ನನ್ನ ಮೊಣಕಾಲಿನಿಂದ ಜಾರಿತು. ಅವಳು ಶಕೀಬಾಳನ್ನು ನೋಡಿದ ರೀತಿಯನ್ನು ಬರೆಯಲು ನನಗೆ ಬರುವುದಿಲ್ಲ. ಮೊಬೈಲನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಯ ಹತ್ತಿರ ಹಿಡಿದಳು.

"ಮೇಡಂರ, ಬರಕೊಳ್ರಿ. ಆಕಿ ಸುಳ್ಳು ಹೇಳ್ತಾಳ. ನಾ ಚೆಂದ ಬೆಳೆಸಿಲ್ಲ. ನನ್ನ ತಮ್ಮ ಅವನು. ಗುರುಮೂರ್ತಿ ಅಂತ ಹೆಸರು, ಹಲವಾಗಲು ಊರು. ಠಾಣೇಕ ಫೋನ್ ಮಾಡ್ತೀನಂತ ಅಂಜಿಸ್ಯಾನ. ಈಗ್ಲೂ ಬರ್ತಾನ. ನಾನ ಅವಂಗ ಉಣ್ಣಾಕ ಬಡಿಸ್ತೀನಿ, ಈ ಹುಡುಗಿ ಅಡಿಗಿಮನ್ಯಾಗ ನಡುಗಿಕೋಂತ ಕುಂತಿರ್ತಾಳ."

ಶಕೀಬಾ ಅವ್ವನ ತೋಳು ಹಿಡಿದು ಬೇಡ ಬೇಡ ಎಂದು ಅಳತೊಡಗಿದಳು. ಅವ್ವ ಅವಳನ್ನು ಎದೆಗೆ ಒತ್ತಿಕೊಂಡೇ ಉಳಿದಿದ್ದೆಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿದ ಮೇಲೆ ಎದ್ದು, ತಾನೇ ತಮ್ಮನಿಗೆ ಫೋನ್ ಮಾಡಿದಳು. "ನಿನ್ನ ಹೆಸರು ಹೇಳೀನಿ. ಇನ್ನ ಈ ಮನಿಗೆ ಬರಬ್ಯಾಡ." ಅವನು ಕೂಗಾಡಿದ್ದು ನಮಗೂ ಕೇಳಿಸಿತು. ದಿಕ್ಕಿಲ್ಲದವಳಿಗೋಸ್ಕರ ತವರು ಕಳೆದುಕೊಂಡೆ ಎಂದ. ಅವ್ವ ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟಳು.

ನನಗೆ ಆ ಸಂಜೆ ಎಷ್ಟು ಹಗುರವಾಗಿತ್ತೆಂದರೆ, ಪೇಟೆಯಿಂದ ಜಿಲೇಬಿ ತಂದೆ. ನನ್ನಂಥ ಮೂರ್ಖಳು ಇರಲಿಕ್ಕಿಲ್ಲ.

ಎರಡು ದಿನ ಬಿಟ್ಟು ಪ್ರಿಯಾ ಕಾರು ತಂದಳು. ಮನೆಯವರಲ್ಲೇ ಒಬ್ಬ ಅಪಾಯ ಎಂದು ದಾಖಲಾದ ಮೇಲೆ ಹುಡುಗಿಯನ್ನು ಅದೇ ಮನೆಯಲ್ಲಿ ಬಿಡುವಂತಿಲ್ಲವಂತೆ. ನಿರ್ಧಾರ ಬರುವ ತನಕ ಬೇರೆ ಊರಿನ ಆಶ್ರಯದಲ್ಲಿ ಇಡುತ್ತಾರೆ. ಯಾವ ಊರು ಎಂದು ಕೇಳಿದೆ. ಪ್ರಿಯಾ ನೆಲ ನೋಡಿದಳು.

"ಆ ವ್ಯಕ್ತಿಯ ಕುಟುಂಬದವರಿಗೆ ವಿಳಾಸ ಹೇಳುವ ಹಾಗಿಲ್ಲ. ಫೋನ್ ನಂಬರೂ ಬದಲಾಗುತ್ತದೆ."

"ಕುಟುಂಬದವರು ಅಂದರೆ ಯಾರು?" ಎಂದೆ, ಗೊತ್ತಿದ್ದೂ.

"ಅಮ್ಮ ಆ ವ್ಯಕ್ತಿಯ ಅಕ್ಕ," ಎಂದಳು ಪ್ರಿಯಾ. "ನೀವು ಅಕ್ಕನ ಮಗಳು."

ನಾನು ರೇಗಿದೆ. ಹೆಸರು ಹೇಳಿದವಳೇ ಅವಳು, ಅವಳನ್ನೇ ಅವನ ಪಕ್ಕದಲ್ಲಿ ನಿಲ್ಲಿಸುತ್ತೀರಾ ಎಂದೆ. ಪ್ರಿಯಾ ಕ್ಷಮಿಸಿ ಎಂದಳು, ನಿಯಮ ಎಂದಳು, ಹೋದ ವರ್ಷ ಇಂಥದೇ ಒಂದು ಮನೆಯಿಂದ ವಿಳಾಸ ಹೊರಬಿದ್ದು ಏನಾಯಿತೆಂದು ಹೇಳಿದಳು. ಅದನ್ನು ಕೇಳಿದ ಮೇಲೆ ನಾನೇ ಒಳಗೆ ಹೋಗಿ ಶಕೀಬಾಳ ಬಟ್ಟೆಗಳನ್ನು ಚೀಲಕ್ಕೆ ತುಂಬಿದೆ.

ಶಕೀಬಾ ಕಾರು ಹತ್ತಲು ಒಪ್ಪಲಿಲ್ಲ. ಅವ್ವನನ್ನು ಬಿಟ್ಟು ಹೋಗುವುದಿಲ್ಲ, ಯುರೋಪೂ ಬೇಡ ಏನೂ ಬೇಡ ಎಂದು ಹೊಸ್ತಿಲಲ್ಲೇ ಕೂತಳು. ಅವ್ವ ಅವಳ ಚೀಲವನ್ನು ಕಾರಿನ ತನಕ ತಾನೇ ಹೊತ್ತು ಇಟ್ಟಳು, ಅವಳನ್ನು ಎಬ್ಬಿಸಿ ಕಾರಿನ ಹತ್ತಿರ ನಿಲ್ಲಿಸಿದಳು, ತಲೆ ಸವರಿದಳು. ಆಮೇಲೆ ಹಿಂದಿರುಗಿ ಒಳಗೆ ಬಂದು, "ಬಾಗ್ಲಾ ಹಾಕು ಕ್ರಾಂತಿ," ಎಂದಳು. "ತೆರೆದಿದ್ರ ಆಕಿ ಹೋಗಂಗಿಲ್ಲ."

ಹಾಕಿದೆ. ಹೊರಗೆ ಅವಳು ಅವ್ವಾ ಎಂದು ಕೂಗುತ್ತಿದ್ದಳು. ಅವ್ವ ಬಾಗಿಲಿಗೆ ಬೆನ್ನು ಕೊಟ್ಟು, ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಕಾರು ಹೊರಟು ಸದ್ದು ತಿರುವಿನಲ್ಲಿ ಕರಗಿದ ಮೇಲೂ ಅಲ್ಲಿಂದ ಸರಿಯಲಿಲ್ಲ. ನಾನೇ ಕೈ ಹಿಡಿದು ಕೂರಿಸಬೇಕಾಯಿತು.

ಮೊನ್ನೆ ಪ್ರಿಯಾ ಒಂದು ಸಲ ಫೋನ್ ಮಾಡಿದ್ದಳು. ಶಕೀಬಾ ಕ್ಷೇಮ ಎಂದಷ್ಟೇ ಹೇಳಿದಳು. ನಿರ್ಧಾರ ಇನ್ನೂ ಬಂದಿಲ್ಲ. ಅವ್ವ ಪಕ್ಕದಲ್ಲಿ ಕೂತು ನನ್ನ ಕೈ ತಿವಿದಳು, ತಾನು ಹೇಳಿದ್ದನ್ನು ನಂಬಿದರೇ ಎಂದು ಕೇಳಲು. ಕೇಳಿದೆ. ಮೊದಲ ಸಲ ಹೇಳಿದ್ದನ್ನು ಅಳಿಸುವಂತಿಲ್ಲ, ಎರಡು ಹೇಳಿಕೆಯೂ ಹೋಗಿವೆ, ಒಬ್ಬರೇ ಎರಡು ಥರ ಹೇಳಿದ್ದು ಅಲ್ಲಿನವರಿಗೆ ಅನುಮಾನ ತಂದಿದೆ, ಯಾವುದನ್ನು ನಂಬುತ್ತಾರೋ ತಿಳಿಯದು ಎಂದಳು ಪ್ರಿಯಾ.

ಫೋನ್ ಇಟ್ಟ ಮೇಲೆ ಅದನ್ನು ಅವ್ವನಿಗೆ ಇದ್ದ ಹಾಗೇ ಹೇಳಿದೆ, ಮುಚ್ಚಿಡುವುದು ಸಾಕಾಗಿತ್ತು. ಅವ್ವ ಗೋಡೆಗೆ ಒರಗಿ ಕೂತಳು.

"ಮೊದಲು ಹೇಳಿದ್ದು ಸುಳ್ಳು ಅಂತ ಬರೀರಿ ಅನ್ನು," ಎಂದಳು. ಆಮೇಲೆ ತಾನೇ ತಡೆದುಕೊಂಡಳು.

"ಎಲ್ಲಾ ಸುಳ್ಳು ಅಂತ ಬ್ಯಾಡ. ಆಕಿ ಚಲೋ ಹುಡುಗಿ ಅಂದಿದ್ದು ಖರೇನ ಐತಲ್ಲ. ಅದೊಂದು ಇರ್ಲಿ."